ಬೀದಿಗೆ ಬರುವ ದೇವರು, ಊರಿಗೆ ನೆಟ್ಟ ಕಂಬ

ಮಂಡ್ಯ ಜಿಲ್ಲೆಯ ಕೆರಗೋಡಿನಲ್ಲಿ 2024ರ ಜನವರಿಯಲ್ಲಿ 108 ಅಡಿ ಎತ್ತರದ ಧ್ವಜಸ್ತಂಭವೊಂದರ ಮೇಲೆ ಹನುಮಧ್ವಜ ಏರಿತು. ಅಯೋಧ್ಯೆಯಲ್ಲಿ ರಾಮಮಂದಿರದ ಪ್ರಾಣಪ್ರತಿಷ್ಠೆಯ ಸಂಭ್ರಮ ನಡೆದಿದ್ದ ದಿನಗಳು ಅವು. ಅನುಮತಿ ಕೊಟ್ಟದ್ದು ರಾಷ್ಟ್ರಧ್ವಜಕ್ಕೆ ಮತ್ತು ನಾಡಧ್ವಜಕ್ಕೆ ಎಂದು ಆಡಳಿತ ಹೇಳಿತು. ನಾವೇ ಹಣ ಹಾಕಿ ನಿಲ್ಲಿಸಿದ ಕಂಬ, ಪಂಚಾಯಿತಿಗೆ ತಿಳಿಯದೆ ನಡೆದದ್ದಲ್ಲ ಎಂದು ಊರವರು ಹೇಳಿದರು. ಜನವರಿ 28ರಂದು ಪೊಲೀಸ್ ಬಂದೋಬಸ್ತಿನಲ್ಲಿ ಹನುಮಧ್ವಜವನ್ನು ಇಳಿಸಿ ತ್ರಿವರ್ಣ ಧ್ವಜವನ್ನು ಏರಿಸಲಾಯಿತು. ಲಾಠಿ ಬೀಸಿದರು, ಅಂಗಡಿಗಳು ಮುಚ್ಚಿದವು, ಮಂಡ್ಯದವರೆಗೆ ಪಾದಯಾತ್ರೆ ಹೊರಟಿತು. ಅಲ್ಲಿಯವರೆಗೆ ಕಬ್ಬಿನ ದರ, ಕಾವೇರಿ ನೀರು ಎಂದು ಒಟ್ಟಿಗೆ ಬೀದಿಗಿಳಿಯುತ್ತಿದ್ದ ಜನ ಒಂದು ಕಂಬದ ಎರಡು ಬದಿಗೆ ನಿಂತರು.

ಆ ದಿನಗಳ ವಾಗ್ವಾದವೆಲ್ಲ ಎರಡು ಪ್ರಶ್ನೆಗಳ ಸುತ್ತ ತಿರುಗಿತು. ಹನುಮನ ಬಾವುಟ ಹನುಮ ಹುಟ್ಟಿದ ನಾಡಿನಲ್ಲಿ ಹಾರದೆ ಇನ್ನೆಲ್ಲಿ ಹಾರಬೇಕು ಎಂದು ಒಂದು ಕಡೆಯವರು ಕೇಳಿದರು. ರಾಷ್ಟ್ರಧ್ವಜಕ್ಕಿಂತ ದೊಡ್ಡ ಧ್ವಜ ಉಂಟೇ ಎಂದು ಇನ್ನೊಂದು ಕಡೆಯವರು ಕೇಳಿದರು. ಎರಡೂ ಎದುರಿನವರ ಬಾಯಿ ಮುಚ್ಚಿಸುವ ಪ್ರಶ್ನೆಗಳು. ಉತ್ತರ ಬೇಕಾಗಿ ಕೇಳಿದವಲ್ಲ. ಮಂಡ್ಯ ಸೀಮೆಯ ಬಹುಪಾಲು ಊರುಗಳಲ್ಲಿ ಹನುಮಂತರಾಯನ ಗುಡಿ ಇದೆ. ಗುಡಿಯ ಮೇಲೆ ಬಾವುಟ ಹಾರುತ್ತದೆ. ಅದನ್ನು ಯಾವ ಅಧಿಕಾರಿಯೂ ಇಳಿಸಲು ಹೋಗಿಲ್ಲ, ಯಾವ ನೆರೆಯವನೂ ಪ್ರಶ್ನಿಸಿಲ್ಲ. ಅದೇ ಬಾವುಟ ಪಂಚಾಯಿತಿಯ ಜಾಗದಲ್ಲಿ ಹಾರಿದಾಗ ಜಿಲ್ಲೆಯೇ ಏಕೆ ಕಲಕಿಹೋಯಿತು? ಬಾವುಟ ಅದೇ ಇತ್ತು. ನೆಲ ಬೇರೆಯಾಗಿತ್ತು. ಸಾರ್ವಜನಿಕ ಸ್ಥಳದ ಧಾರ್ಮಿಕ ಚಿಹ್ನೆಗಳ ಕುರಿತ ಜಗಳಗಳನ್ನು ನೆಲದ ಕಡೆಯಿಂದ ನೋಡಿದರೆ ಮಾತ್ರ ಅವು ಅರ್ಥವಾಗುತ್ತವೆ, ಬಗೆಹರಿಯುವ ದಾರಿಯೂ ಕಾಣುತ್ತದೆ ಎಂಬುದು ನನ್ನ ವಾದ.

ನಮ್ಮಲ್ಲಿ ದೇವರು ಬೀದಿಗೆ ಬರುವುದು ಹೊಸತಲ್ಲ. ಗರ್ಭಗುಡಿಯ ಮೂಲವಿಗ್ರಹ ಕದಲುವುದಿಲ್ಲ. ಉತ್ಸವಮೂರ್ತಿ ತೇರೇರಿ ಎಲ್ಲರ ಮನೆಯ ಮುಂದೆ ಹಾದು ಮತ್ತೆ ಗುಡಿಗೆ ಮರಳುತ್ತದೆ. ಬೆಂಗಳೂರಿನ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ. ಉತ್ತರ ಕರ್ನಾಟಕದ ಊರೂರುಗಳಲ್ಲಿ ಮೊಹರಂ ಪಂಜಾಗಳು ಬೀದಿ ಸುತ್ತುತ್ತವೆ. ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ಹಬ್ಬ ನಡೆಯುತ್ತದೆ. ಸೆಪ್ಟೆಂಬರ್ 8ರಂದು ಶಿವಾಜಿನಗರದಲ್ಲಿ ಮೇರಿ ಮಾತೆಯ ತೇರು ಹೊರಡುತ್ತದೆ. ಚೌತಿಯ ಗಣಪ ಪೆಂಡಾಲಿನಲ್ಲಿ ಕುಳಿತು ಕೆರೆಗೆ ಹೋಗುತ್ತಾನೆ. ಇವೆಲ್ಲವೂ ಸಾರ್ವಜನಿಕ ರಸ್ತೆಯನ್ನು ಬಳಸುತ್ತವೆ, ಆದರೆ ಅದನ್ನು ಹಿಡಿದುಕೊಳ್ಳುವುದಿಲ್ಲ. ಒಂದು ಹೊತ್ತು ಬೀದಿ ಅವರದಾಗುತ್ತದೆ, ಮರುದಿನ ಎಲ್ಲರದಾಗುತ್ತದೆ. ಇಂದು ದಾರಿ ಬಿಟ್ಟವನು ನಾಳೆ ದಾರಿ ಕೇಳುತ್ತಾನೆ. ಯಾವ ಕಾನೂನೂ ಬರೆಯುವ ಮೊದಲೇ ಊರುಗಳು ಕಂಡುಕೊಂಡ ಕೊಡುಕೊಳೆ ಇದು.

ಸ್ಥಾವರ, ಜಂಗಮ ಎಂಬ ಎರಡು ಮಾತುಗಳಿಗೆ ಹನ್ನೆರಡನೆಯ ಶತಮಾನದ ಶರಣರು ಇಲ್ಲಿ ಹೊಸ ಅರ್ಥ ತುಂಬಿದರು. ಅವರು ಹೇಳಿದ ಅರ್ಥ ಆಳವಾದದ್ದು, ದೇಹ ಮತ್ತು ದೇಗುಲಕ್ಕೆ ಸಂಬಂಧಿಸಿದ್ದು. ಆ ಭೇದವನ್ನು ನಾಗರಿಕ ಬದುಕಿಗೆ ಎರವಲು ಪಡೆದರೆ ಒಂದು ಒಳ್ಳೆಯ ಅಳತೆಗೋಲು ಸಿಗುತ್ತದೆ. ಎಲ್ಲರ ನೆಲಕ್ಕೆ ಎಲ್ಲ ಧರ್ಮಗಳೂ ಜಂಗಮವಾಗಿ ಬರಲಿ: ಬಂದು, ಹಾದು, ಹೋಗಲಿ. ಎಲ್ಲರ ನೆಲದಲ್ಲಿ ಸ್ಥಾವರವಾಗಿ ನಿಲ್ಲುವುದು ಮಾತ್ರ ಎಲ್ಲರದೂ ಆದದ್ದಾಗಿರಲಿ. ಪಂಚಾಯಿತಿಯ ಜಾಗ, ಶಾಲೆಯ ಗೋಡೆ, ತಾಲ್ಲೂಕು ಕಚೇರಿಯ ಅಂಗಳ, ವೃತ್ತ, ಪಾರ್ಕು ಎಲ್ಲಕ್ಕೂ ಇದು ಅನ್ವಯವಾಗಲಿ.

ಏಕೆಂದರೆ ನೆಟ್ಟ ವಸ್ತು ಮಾತಾಡುತ್ತದೆ, ಮತ್ತು ಅದು ಯಾರ ನೆಲದಲ್ಲಿ ನಿಂತಿದೆಯೋ ಅವರ ದನಿಯಲ್ಲಿ ಮಾತಾಡುತ್ತದೆ. ನನ್ನ ಮನೆಯ ಮೇಲಿನ ಬಾವುಟ ನನ್ನ ಭಕ್ತಿಯನ್ನು ಹೇಳುತ್ತದೆ. ಪಂಚಾಯಿತಿ ಕಚೇರಿಯ ಮುಂದಿನ ಬಾವುಟ ಪಂಚಾಯಿತಿಯ ಮಾತಾಗುತ್ತದೆ. ಪಡಿತರ ಚೀಟಿಗೋ ಖಾತೆ ಬದಲಾವಣೆಗೋ ಅಲ್ಲಿಗೆ ಬರುವವನು ಅದನ್ನು ನೋಡುತ್ತಾನೆ. ಬಾವುಟ ತನ್ನದೇ ಧರ್ಮದ್ದಾದರೆ ಅವನಿಗೆ ಅದು ಕಣ್ಣಿಗೇ ಬೀಳದೆ ಇರಬಹುದು. ಅಲ್ಲದಿದ್ದರೆ ಅದು ಅವನಿಗೆ ಹೇಳುವುದು ಒಂದೇ ಮಾತು: ಈ ಜಾಗ ಇಂಥವರದು, ನೀನು ಕೇಳಿ ಪಡೆಯಲು ಬಂದವನು. ತೆರಿಗೆ ಇಬ್ಬರೂ ಕಟ್ಟಿದ್ದಾರೆ, ಮತ ಇಬ್ಬರೂ ಹಾಕಿದ್ದಾರೆ. ಯಾವುದೇ ಒಂದು ಧರ್ಮವನ್ನು ಬೆಳೆಸಲು ಹೋಗುವ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಬಲವಂತಪಡಿಸಕೂಡದು ಎಂದು ಸಂವಿಧಾನದ 27ನೇ ವಿಧಿ ಹೇಳುವುದರ ಹಿಂದೆ ಇರುವುದು ಇದೇ ಕಾಳಜಿ.

ಕಂಬದ ಜಗಳ ನಮ್ಮದು ಮಾತ್ರವಲ್ಲ. ಅಮೆರಿಕದ ಬಾಸ್ಟನ್ ನಗರಸಭೆಯ ಮುಂದೆ ಮೂರು ಧ್ವಜಸ್ತಂಭಗಳಿವೆ. ಒಂದರಲ್ಲಿ ದೇಶದ ಧ್ವಜ, ಇನ್ನೊಂದರಲ್ಲಿ ರಾಜ್ಯದ್ದು, ಮೂರನೆಯದರಲ್ಲಿ ನಗರದ್ದು. ಆ ಮೂರನೆಯ ಕಂಬವನ್ನು ನಗರಸಭೆ ಕೆಲವು ಗಂಟೆಗಳ ಮಟ್ಟಿಗೆ ಬೇರೆ ಬೇರೆ ಸಂಘಗಳಿಗೆ ಬಿಟ್ಟುಕೊಡುತ್ತಿತ್ತು. 2005ರಿಂದ 2017ರವರೆಗೆ ಅಂಥ 284 ಧ್ವಜಾರೋಹಣಗಳು ನಡೆದವು, ಒಂದನ್ನೂ ನಿರಾಕರಿಸಿರಲಿಲ್ಲ. 2017ರಲ್ಲಿ ಒಂದು ಸಂಘಟನೆ ಕ್ರೈಸ್ತ ಧ್ವಜ ಹಾರಿಸುತ್ತೇವೆಂದು ಕೇಳಿದಾಗ ನಗರಸಭೆ ಮೊದಲ ಬಾರಿಗೆ ಆಗದು ಎಂದಿತು. ಅಮೆರಿಕದ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಒಮ್ಮತದಿಂದ ನಗರಸಭೆಯ ವಿರುದ್ಧ ತೀರ್ಪು ಕೊಟ್ಟಿತು. ಯಾವ ಧ್ವಜ, ಏಕೆ ಎಂದು ನೋಡದೆ ಎಲ್ಲರಿಗೂ ಬಿಟ್ಟ ಕಂಬ ಸರ್ಕಾರದ ದನಿಯಾಗಿ ಉಳಿಯುವುದಿಲ್ಲ. ಎಲ್ಲರಿಗೂ ತೆರೆದ ಬಾಗಿಲನ್ನು ಒಬ್ಬನಿಗೆ ಮಾತ್ರ, ಅವನ ಧರ್ಮದ ಕಾರಣಕ್ಕೆ, ಮುಚ್ಚುವಂತಿಲ್ಲ ಎಂಬುದು ತೀರ್ಪಿನ ತಿರುಳು. ಆ ಬಳಿಕ ಬಾಸ್ಟನ್ ತನ್ನ ನಿಯಮ ಬದಲಿಸಿ, ಕಂಬದ ಮೇಲೆ ಏನು ಹಾರಬೇಕೆಂಬುದನ್ನು ನಗರವೇ ನಿರ್ಧರಿಸುವಂತೆ ಮಾಡಿಕೊಂಡಿತು.

ಈ ಪ್ರಕರಣ ಪ್ರತಿಯೊಂದು ಪಂಚಾಯಿತಿಯ ಮುಂದೆ ಎರಡು ಪ್ರಾಮಾಣಿಕ ದಾರಿಗಳನ್ನು ಇಡುತ್ತದೆ. ಕಂಬ ಪಂಚಾಯಿತಿಯದು, ಅದರಲ್ಲಿ ದೇಶದ ಧ್ವಜ ಬಿಟ್ಟು ಬೇರೆ ಯಾವುದೂ ಹಾರದು ಎನ್ನುವುದು ಒಂದು ದಾರಿ. ಕಂಬ ಎಲ್ಲರದು, ಸರದಿಯಂತೆ ಎಲ್ಲರೂ ಹಾರಿಸಿ ಇಳಿಸಬಹುದು ಎನ್ನುವುದು ಇನ್ನೊಂದು. ಎರಡನೆಯದನ್ನು ಒಪ್ಪಿದರೆ ಶ್ರೀರಾಮನವಮಿಗೆ ಕೇಸರಿ ಏರಿದಂತೆ ಈದ್ ಮಿಲಾದ್‌ಗೆ ಹಸಿರು, ಬುದ್ಧಪೂರ್ಣಿಮೆಗೆ ಪಂಚಶೀಲ ಧ್ವಜ ಏರಬೇಕು. ಅದಕ್ಕೆ ಮನಸ್ಸು ಒಪ್ಪದಿದ್ದರೆ ಮೊದಲನೆಯದೇ ದಾರಿ. ನಮ್ಮದಕ್ಕೆ ಮಾತ್ರ ಕಂಬ, ಉಳಿದವರಿಗೆ ಕಾನೂನು ಎಂಬ ಮೂರನೆಯ ದಾರಿ ಯಾವ ನ್ಯಾಯದಲ್ಲೂ ಇಲ್ಲ.

ಇಷ್ಟು ಹೇಳಿದ ಮೇಲೂ ಮಾತು ಮುಗಿಯುವುದಿಲ್ಲ. ಎಲ್ಲರದೂ ಆದ ಚಿಹ್ನೆಯನ್ನೂ ಬೇಲಿಗೂಟದಂತೆ ನೆಡಲು ಸಾಧ್ಯ. ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ನಡೆದದ್ದು ಅದು. ಒಂದೂವರೆ ಎಕರೆಯಷ್ಟಿರುವ ಆ ಮೈದಾನವನ್ನು 1921ರಲ್ಲಿ ಪುರಸಭೆ ಅಂಜುಮನ್ ಸಂಸ್ಥೆಗೆ 999 ವರ್ಷಕ್ಕೆ, ವರ್ಷಕ್ಕೆ ಒಂದು ರೂಪಾಯಿಯಂತೆ ಕೊಟ್ಟಿತ್ತು. ಸಂಸ್ಥೆ ಅಲ್ಲಿ ಮಳಿಗೆಗಳನ್ನು ಕಟ್ಟಲು ಹೊರಟಾಗ ವ್ಯಾಜ್ಯ ಹುಟ್ಟಿತು. ವ್ಯಾಜ್ಯ ನ್ಯಾಯಾಲಯದಲ್ಲಿದ್ದಾಗಲೇ ತೊಂಬತ್ತರ ದಶಕದಲ್ಲಿ ಅಲ್ಲಿ ತ್ರಿವರ್ಣ ಧ್ವಜ ಹಾರಿಸಿಯೇ ತೀರುತ್ತೇವೆ ಎಂಬ ಚಳವಳಿ ಎದ್ದಿತು. 1994ರ ಆಗಸ್ಟ್ 15ರಂದು ಗೋಲಿಬಾರ್ ಆಗಿ ಜೀವಗಳು ಹೋದವು. ಆ ಚಳವಳಿಯ ಮೊಕದ್ದಮೆಯಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಹೊರಡಿಸಿದ ವಾರಂಟಿನಿಂದಾಗಿ ಹತ್ತು ವರ್ಷಗಳ ಬಳಿಕ, 2004ರಲ್ಲಿ, ಉಮಾಭಾರತಿಯವರು ಮಧ್ಯಪ್ರದೇಶದ ಮುಖ್ಯಮಂತ್ರಿ ಸ್ಥಾನವನ್ನೇ ಬಿಟ್ಟರು.

ತ್ರಿವರ್ಣ ಧ್ವಜ ಯಾವ ಧರ್ಮದ್ದೂ ಅಲ್ಲ. ಆದರೂ ಅದನ್ನು ಒಬ್ಬರ ಪ್ರಾರ್ಥನೆಯ ಜಾಗಕ್ಕೆ ಇನ್ನೊಬ್ಬರು ಒಯ್ದು ನೆಡಲು ಹೊರಟಾಗ ಅದು ನಿಮ್ಮ ದೇಶಭಕ್ತಿಯನ್ನು ಸಾಬೀತುಪಡಿಸಿ ಎಂಬ ಸವಾಲಾಯಿತು. ಆ ಸವಾಲು ಇಳಿದದ್ದು ಹೇಗೆಂಬುದನ್ನು ನಾವು ನೆನಪಿಡಬೇಕು. ದೇವೇಗೌಡರು ಮುಖ್ಯಮಂತ್ರಿಯಾಗಿದ್ದ 1995ರಲ್ಲಿ ಮಾತುಕತೆ ನಡೆದು, ಅಂಜುಮನ್ ಸಂಸ್ಥೆಯವರೇ ಮೈದಾನದಲ್ಲಿ ಧ್ವಜ ಹಾರಿಸಿದರು. ಧ್ವಜ ಅದೇ, ಮೈದಾನ ಅದೇ. ಏರಿಸಿದ ಕೈ ಬೇರೆಯಾಗಿತ್ತು. ಹೇರಿದಾಗ ಹೆಣ ಬಿದ್ದ ಜಾಗದಲ್ಲಿ ಒಪ್ಪಿ ಏರಿಸಿದಾಗ ಬೆಂಕಿ ಆರಿತು. ಮುಂದೆ 2010ರಲ್ಲಿ ಸುಪ್ರೀಂ ಕೋರ್ಟ್ ಮೈದಾನದ ಒಡೆತನ ಪಾಲಿಕೆಯದೇ ಎಂದೂ ಅಂಜುಮನ್‌ಗೆ ಇರುವುದು ವರ್ಷಕ್ಕೆರಡು ಬಾರಿ ಪ್ರಾರ್ಥನೆ ನಡೆಸುವ ಹಕ್ಕು ಎಂದೂ ತೀರ್ಮಾನಿಸಿತು. ಕಾಗದದ ಪ್ರಶ್ನೆ ಕೋರ್ಟಿನಲ್ಲಿ ಬಗೆಹರಿಯಿತು. ಮಾನದ ಪ್ರಶ್ನೆ ಅದಕ್ಕೂ ಹದಿನೈದು ವರ್ಷ ಮೊದಲು ಮಾತುಕತೆಯಲ್ಲಿ ಬಗೆಹರಿದಿತ್ತು.

ಚಿಹ್ನೆಯ ಅರ್ಥವನ್ನು ಸಂದರ್ಭ ಎಷ್ಟು ನಿರ್ಧರಿಸುತ್ತದೆ ಎಂಬುದಕ್ಕೆ 2022ರ ಆಗಸ್ಟ್ 30 ಇನ್ನೊಂದು ಸಾಕ್ಷಿ. ಚೌತಿಯ ಹಿಂದಿನ ಆ ದಿನ ಒಂದೇ ಬಗೆಯ ಎರಡು ಕೋರಿಕೆಗಳಿಗೆ ಎರಡು ಬೇರೆ ಉತ್ತರಗಳು ಬಂದವು. ಬೆಂಗಳೂರಿನ ಚಾಮರಾಜಪೇಟೆ ಈದ್ಗಾ ಮೈದಾನದಲ್ಲಿ ಗಣೇಶೋತ್ಸವಕ್ಕೆ ಅವಕಾಶವಿಲ್ಲದಂತೆ ಸುಪ್ರೀಂ ಕೋರ್ಟ್ ಯಥಾಸ್ಥಿತಿಗೆ ಆದೇಶಿಸಿತು. ಹುಬ್ಬಳ್ಳಿಯಲ್ಲಿ ಪಾಲಿಕೆ ಕೊಟ್ಟ ಅನುಮತಿಯನ್ನು ಹೈಕೋರ್ಟಿನ ಧಾರವಾಡ ಪೀಠ ರಾತ್ರಿ ವಿಚಾರಣೆ ನಡೆಸಿ ಎತ್ತಿಹಿಡಿಯಿತು. ಇದು ವಿರೋಧಾಭಾಸವೆಂದು ಹಲವರಿಗೆ ತೋರಿತು. ನೆಲದ ಕಡೆಯಿಂದ ನೋಡಿದರೆ ಕಾರಣ ತಿಳಿಯುತ್ತದೆ. ಹುಬ್ಬಳ್ಳಿಯಲ್ಲಿ ಒಡೆತನ ಇತ್ಯರ್ಥವಾಗಿತ್ತು. ಚಾಮರಾಜಪೇಟೆಯಲ್ಲಿ ವಕ್ಫ್ ಮಂಡಳಿಗೂ ಕಂದಾಯ ಇಲಾಖೆಗೂ ವಿವಾದ ಇನ್ನೂ ನಡೆದಿತ್ತು. ಕೋರ್ಟುಗಳು ಗಣಪನ ಬಗ್ಗೆ ಎರಡು ಅಭಿಪ್ರಾಯ ಕೊಡಲಿಲ್ಲ. ಎರಡು ನೆಲಗಳ ಬಗ್ಗೆ ಕೊಟ್ಟವು. ಆದರೆ ಒಡೆತನ ಪಾಲಿಕೆಯದೆಂದಾದ ಮಾತ್ರಕ್ಕೆ ಪಾಲಿಕೆಯ ಹೊಣೆ ಮುಗಿಯುವುದಿಲ್ಲ. ಮೂರು ದಿನ ಗಣಪನಿಗೆ ತೆರೆದ ಮೈದಾನ ಇತರರಿಗೂ ಅದೇ ಷರತ್ತಿನಲ್ಲಿ ತೆರೆಯುತ್ತದೆಯೇ ಎಂಬುದು ಅದರ ನಿಜವಾದ ಪರೀಕ್ಷೆ.

ಅಮೆರಿಕದಲ್ಲೂ ಇಂಥ ಒಂದು ದಿನ ಬಂದಿತ್ತು. 2005ರ ಜೂನ್ 27ರಂದು ಅಲ್ಲಿನ ಸುಪ್ರೀಂ ಕೋರ್ಟ್ ಬೈಬಲ್ಲಿನ ದಶಾಜ್ಞೆಗಳ ಪ್ರದರ್ಶನದ ಬಗ್ಗೆ ಎರಡು ತೀರ್ಪು ಕೊಟ್ಟಿತು. ಟೆಕ್ಸಾಸ್ ಶಾಸನಭವನದ ಆವರಣದಲ್ಲಿ 1961ರಿಂದ ನಿಂತಿದ್ದ ಕಲ್ಲು ಉಳಿಯಬಹುದು ಎಂದಿತು. ಕೆಂಟಕಿಯ ನ್ಯಾಯಾಲಯಗಳ ಗೋಡೆಗೆ 1999ರಲ್ಲಿ ಹಾಕಿದ ಚೌಕಟ್ಟುಗಳು ಇರುವಂತಿಲ್ಲ ಎಂದಿತು. ಎರಡೂ 5-4ರ ತೀರ್ಪುಗಳು. ಎರಡರಲ್ಲೂ ಗೆದ್ದ ಕಡೆ ಇದ್ದವರು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಒಬ್ಬರೇ. ಟೆಕ್ಸಾಸಿನ ಕಲ್ಲು ನಲವತ್ತು ವರ್ಷ ಯಾರ ಆಕ್ಷೇಪವೂ ಇಲ್ಲದೆ ಹತ್ತಾರು ಸ್ಮಾರಕಗಳ ನಡುವೆ ನಿಂತಿತ್ತು ಎಂಬುದು ಅವರಿಗೆ ಮುಖ್ಯವಾಯಿತು. ಕೆಂಟಕಿಯ ಚೌಕಟ್ಟುಗಳ ಹಿಂದೆ ಧರ್ಮವನ್ನು ಮುಂದುಮಾಡುವ ಉದ್ದೇಶ ಎದ್ದು ಕಾಣುತ್ತಿತ್ತು.

ನಮ್ಮ ಹಳೆಯ ಕಟ್ಟೆ, ಗುಡಿ, ದರ್ಗಾಗಳ ವಿಷಯದಲ್ಲಿ ಈ ವಿವೇಕ ಬೇಕು. ಅರಳಿಮರದ ಬುಡದ ನಾಗರಕಲ್ಲು, ರಸ್ತೆ ಬರುವ ಮೊದಲೇ ಇದ್ದ ಮಾರಿಗುಡಿ, ಊರಾಚೆಯ ಪೀರನ ಗೋರಿ ಇವನ್ನು ನೆರೆಹೊರೆ ತನ್ನ ಬದುಕಿನೊಳಗೆ ಸೇರಿಸಿಕೊಂಡಿದೆ. ಅಲ್ಲಿ ಯಾರೂ ಯಾರಿಗೂ ಸವಾಲು ಹಾಕುತ್ತಿಲ್ಲ. ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಕೊಟ್ಟ ಆದೇಶವೂ ಈ ಭೇದವನ್ನು ಮಾಡಿತು: ಬೀದಿ, ಉದ್ಯಾನ, ಸಾರ್ವಜನಿಕ ಜಾಗಗಳಲ್ಲಿ ಮಂದಿರ, ಮಸೀದಿ, ಚರ್ಚು, ಗುರುದ್ವಾರದ ಹೆಸರಿನಲ್ಲಿ ಇನ್ನು ಮುಂದೆ ಅನಧಿಕೃತ ಕಟ್ಟಡ ಏಳಕೂಡದು, ಈಗಾಗಲೇ ಇರುವವನ್ನು ಒಂದೊಂದಾಗಿ ಪರಿಶೀಲಿಸಬೇಕು. 2021ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯಲ್ಲಿ ದೇವಸ್ಥಾನವೊಂದನ್ನು ಕೆಡವಿದಾಗ ಜನ ನೊಂದರು. ಅದೇ ತಿಂಗಳು ಸರ್ಕಾರ ಧಾರ್ಮಿಕ ಕಟ್ಟಡಗಳ ರಕ್ಷಣೆಗೆ ಮಸೂದೆ ತಂದಿತು. ಹಳೆಯದನ್ನು ಉಳಿಸುವ ಕರುಣೆ ಹೊಸದನ್ನು ನೆಡುವ ಪರವಾನಗಿಯಾಗಬಾರದು. ಇಂದು ರಾತ್ರಿ ಇಟ್ಟ ಕಲ್ಲು ನಾಳೆ ಪುರಾತನವಾಗುವ ದಾರಿಯನ್ನು ಮುಚ್ಚದೆ ಹೋದರೆ ನಿಜವಾದ ಪುರಾತನಕ್ಕೂ ಬೆಲೆ ಉಳಿಯದು.

ಈ ವಾದಕ್ಕೆ ಎರಡು ಕಡೆಯಿಂದ ಬರುವ ಗಟ್ಟಿ ಆಕ್ಷೇಪಗಳಿಗೆ ಉತ್ತರ ಕೊಡಲೇಬೇಕು. ಮೊದಲನೆಯದು: ಊರಿನ ಬಹುಪಾಲು ಜನ ಬಯಸಿದ್ದಾರೆ, ಇದು ಧರ್ಮವಲ್ಲ, ನಮ್ಮ ಸಂಸ್ಕೃತಿ, ಪ್ರಜಾಪ್ರಭುತ್ವದಲ್ಲಿ ಬಹುಮತ ನಡೆಯಬೇಡವೇ? ಚರಂಡಿ ಎಲ್ಲಿ ಹೋಗಬೇಕು, ಬೀದಿದೀಪ ಎಲ್ಲಿ ಬೇಕು ಎಂಬುದನ್ನು ಬಹುಮತ ನಿರ್ಧರಿಸಲಿ. ಊರು ಯಾರದು ಎಂಬುದನ್ನು ಬಹುಮತ ನಿರ್ಧರಿಸಲಾರದು, ಏಕೆಂದರೆ ಕೈಯೆತ್ತುವ ಮೊದಲೇ ಊರು ಎಲ್ಲರದಾಗಿದ್ದರೆ ಮಾತ್ರ ಆ ಮತಕ್ಕೆ ಅರ್ಥ. ಈ ನಿಯಮ ಯಾವ ಧರ್ಮದ ವಿರುದ್ಧವೂ ಅಲ್ಲ. ಕನಕಪುರದ ಕಪಾಲಬೆಟ್ಟದಲ್ಲಿ 114 ಅಡಿಯ ಏಸು ಪ್ರತಿಮೆಗೆ ಹೊರಟಾಗ, ಗೋಮಾಳದ ಜಮೀನು ಒಂದು ಧರ್ಮದ ಚಿಹ್ನೆಗೆ ಹೇಗೆ ಹೋಯಿತು ಎಂದು ಕೇಳಿದ್ದು ಸರಿಯಾದ ಪ್ರಶ್ನೆಯೇ. ಅಲ್ಲಿ ಕೇಳಿದವರು ಕೆರಗೋಡಿನಲ್ಲೂ ಕೇಳಬೇಕು. ಕೆರಗೋಡಿನಲ್ಲಿ ಕೇಳಿದವರು ಕಪಾಲಬೆಟ್ಟದಲ್ಲೂ ಕೇಳಬೇಕು. ಎರಡು ಕಡೆಯೂ ಒಂದೇ ಪ್ರಶ್ನೆ ಕೇಳಿದವರ ಮಾತಿಗೆ ಮಾತ್ರ ತೂಕ.

ಸಂಸ್ಕೃತಿ ಎಂಬ ಸಮರ್ಥನೆಗೆ ಭಕ್ತರೇ ಹೆದರಬೇಕಾದ ಒಂದು ಬೆಲೆ ಇದೆ. ಇಟಲಿಯ ಶಾಲಾ ಕೊಠಡಿಗಳಲ್ಲಿ ಶಿಲುಬೆ ತೂಗುಹಾಕುವುದನ್ನು ಸೊಯ್ಲೆ ಲೌಟ್ಸಿ ಎಂಬ ತಾಯಿ ಪ್ರಶ್ನಿಸಿದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ಅವರ ಪರ ತೀರ್ಪಿತ್ತಿತು. 2011ರಲ್ಲಿ ಅದರ ಹಿರಿಯ ಪೀಠ 15-2ರ ಬಹುಮತದಿಂದ ಇಟಲಿಯ ಪರ ತಿರುಗಿತು. ಇಟಲಿ ಗೆದ್ದದ್ದು ಹೇಗೆ? ಶಿಲುಬೆ ನಮ್ಮ ಇತಿಹಾಸದ ಗುರುತು ಎಂದು ಸರ್ಕಾರ ವಾದಿಸಿತು; ಗೋಡೆಯ ಮೇಲಿನ ಶಿಲುಬೆ ನಿಷ್ಕ್ರಿಯ ಚಿಹ್ನೆ, ಬೋಧನೆಯಷ್ಟು ಪ್ರಭಾವ ಅದಕ್ಕಿಲ್ಲ ಎಂದು ಪೀಠ ಒಪ್ಪಿತು. ಯಾವ ಶಿಲುಬೆಗಾಗಿ ಸಂತರು ಪ್ರಾಣ ಕೊಟ್ಟರೋ ಅದನ್ನು ಗೋಡೆಯಲ್ಲಿ ಉಳಿಸಿಕೊಳ್ಳಲು ಅದು ಅಷ್ಟೇನೂ ಪ್ರಭಾವ ಬೀರದು ಎನ್ನಬೇಕಾಯಿತು. ಹನುಮಧ್ವಜವನ್ನು ಬರೀ ಸಂಸ್ಕೃತಿ ಎನ್ನುವವರು ಹನುಮನಿಗೂ ಇದೇ ಗತಿ ತರುತ್ತಾರೆ. ಸರ್ಕಾರಿ ಕಂಬವೇರಿದ ದೇವರು ತಹಸೀಲ್ದಾರರ ಅನುಮತಿಗೆ, ಪೊಲೀಸರ ಕಾವಲಿಗೆ, ಮುಂದಿನ ಚುನಾವಣೆಯ ಫಲಿತಾಂಶಕ್ಕೆ ಒಳಗಾಗುತ್ತಾನೆ. ಗುಡಿಯಲ್ಲಿರುವಾಗ ಅವನು ಯಾರ ಅಧೀನನೂ ಅಲ್ಲ.

ಎರಡನೆಯ ಆಕ್ಷೇಪ ಇದರ ಎದುರು ತುದಿಯದು. ಎಲ್ಲ ಚಿಹ್ನೆಗಳನ್ನೂ ಸಾರ್ವಜನಿಕ ಜೀವನದಿಂದ ಹೊರಗಿಟ್ಟರೆ ಜಗಳವೇ ಇರದಲ್ಲ ಎಂದು ಕೆಲವರು ಹೇಳುತ್ತಾರೆ. ಫ್ರಾನ್ಸ್ 2004ರ ಕಾನೂನಿನಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಎದ್ದು ಕಾಣುವ ಧಾರ್ಮಿಕ ಗುರುತು ಧರಿಸುವುದನ್ನು ನಿಷೇಧಿಸಿತು. ಈ ದಾರಿ ಗೋಡೆಗೂ ಮೈಗೂ ಇರುವ ಅಂತರವನ್ನು ಅಳಿಸುತ್ತದೆ. ಶಾಲೆಯ ಗೋಡೆ ಸರ್ಕಾರದ್ದು. ಮಗುವಿನ ತಲೆ, ಹಣೆ, ಕೊರಳು ಮಗುವಿನದು. ಹಣೆಯ ವಿಭೂತಿ, ಸಿಖ್ಖನ ಪೇಟ, ಕೊರಳ ಶಿಲುಬೆ, ತಲೆಯ ವಸ್ತ್ರ ಇವೆಲ್ಲ ಮನುಷ್ಯರೊಂದಿಗೆ ಬಂದು ಅವರೊಂದಿಗೆ ಹೋಗುವ ಜಂಗಮ ಚಿಹ್ನೆಗಳು. 2022ರಲ್ಲಿ ಹಿಜಾಬಿನ ಪ್ರಶ್ನೆ ನಮ್ಮ ಕಾಲೇಜುಗಳ ಬಾಗಿಲಿಗೆ ಬಂದಾಗ ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಕ್ಟೋಬರ್ 13ರಂದು ಭಿನ್ನ ತೀರ್ಪು ಕೊಟ್ಟರು. ಕಾನೂನಿನ ಕೊನೆಯ ಮಾತು ಏನೇ ಆಗಲಿ, ನನ್ನ ಅಳತೆಗೋಲು ಬದಲಾಗದು. ಸರ್ಕಾರದ ಗೋಡೆ ಯಾವ ಧರ್ಮವನ್ನೂ ಸಾರದಿರಲಿ ಎನ್ನುವುದು ಅದರ ಮುಂದೆ ಕುಳಿತ ಪ್ರತಿ ಮಗುವೂ ತಾನು ತಾನಾಗಿಯೇ ಕಲಿಯಲಿ ಎಂಬುದಕ್ಕಾಗಿ.

ಬರಿದಾದ ಸಾರ್ವಜನಿಕ ಬದುಕು ನಮ್ಮ ನಾಡಿಗೆ ಒಗ್ಗುವುದೂ ಇಲ್ಲ. ಬೇಲೂರು ಚನ್ನಕೇಶವನ ರಥೋತ್ಸವದಲ್ಲಿ ಖಾಜಿಯವರು ಕುರಾನ್ ಪಠಿಸುವ ಪದ್ಧತಿ ತಲೆಮಾರುಗಳಿಂದ ಬಂದಿದೆ. 2022ರಲ್ಲಿ ಅದಕ್ಕೂ ಆಕ್ಷೇಪ ಎದ್ದಿತು. ಆ ವರ್ಷ ಪಠಣವೂ ನಡೆಯಿತು, ತೇರೂ ಹರಿಯಿತು. ಇಂಥ ಆಚರಣೆಯನ್ನು ಯಾವ ಸರ್ಕಾರವೂ ಆದೇಶ ಹೊರಡಿಸಿ ಹುಟ್ಟಿಸಲಾರದು. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ದಾರಿ ಬಿಡುತ್ತಾ ಬಿಡುತ್ತಾ ಒಂದು ದಿನ ಜೊತೆಗೆ ನಡೆಯತೊಡಗಿದಾಗ ಅದು ಹುಟ್ಟುತ್ತದೆ. ಬೀದಿ ಯಾರೊಬ್ಬರ ಸ್ವತ್ತೂ ಅಲ್ಲ ಎಂಬ ನಂಬಿಕೆ ಅದರ ಬುಡ. ಆ ಬುಡಕ್ಕೆ ಕಂಬ ನೆಟ್ಟರೆ ಬೇರು ಕತ್ತರಿಸುತ್ತದೆ.

ಆದ್ದರಿಂದ ಪಂಚಾಯಿತಿ, ಪುರಸಭೆ, ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರಲ್ಲಿ ನನ್ನ ಬಿನ್ನಹ ಇದು. ಎಲ್ಲರ ನೆಲದಲ್ಲಿ ಏನನ್ನಾದರೂ ನೆಡುವ ಅರ್ಜಿ ಬಂದಾಗ ಮೂರು ಪ್ರಶ್ನೆಗಳನ್ನು ನಡಾವಳಿಯಲ್ಲಿ ಬರೆದು ಉತ್ತರಿಸಿ. ಇದು ಬಂದು ಹೋಗುವುದೋ, ನಿಂತುಬಿಡುವುದೋ? ಇದೇ ಅವಕಾಶವನ್ನು ನಾಳೆ ಬೇರೆಯವರು ಕೇಳಿದರೆ ಕೊಡುತ್ತೇವೆಯೇ? ಇದನ್ನು ಏರಿಸುವ ಹೊತ್ತಿನಲ್ಲಿ ನೆರೆಯವನು ಸಂತೋಷದಿಂದ ಜೊತೆಗೆ ನಿಲ್ಲಬಲ್ಲನೇ, ಅಥವಾ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾನೆಯೇ? ಹಬ್ಬಕ್ಕೆ ಕಟ್ಟಿದ ಬಾವುಟ, ಬಂಟಿಂಗ್, ಕಮಾನು ಯಾವ ಬಣ್ಣದ್ದೇ ಇರಲಿ, ಯಾವ ದಿನ ಬಿಚ್ಚಬೇಕೆಂದು ಅನುಮತಿ ಪತ್ರದಲ್ಲೇ ಬರೆಯಿರಿ. ನಿಯಮವನ್ನು ಜಗಳಕ್ಕೆ ಮೊದಲು ಮಾಡಿ. ಜಗಳದ ನಡುವೆ ಮಾಡಿದ ನಿಯಮ ಎಷ್ಟೇ ನ್ಯಾಯವಾಗಿದ್ದರೂ ಒಬ್ಬರ ಸೋಲಾಗಿ ಕಾಣುತ್ತದೆ. ಕೆರಗೋಡಿನಲ್ಲಿ ಪೊಲೀಸರ ನಡುವೆ ಏರಿದ ತ್ರಿವರ್ಣ ಧ್ವಜವನ್ನೂ ಊರಿನ ಎಷ್ಟೋ ಜನ ಸಂಕಟದಿಂದ ನೋಡಬೇಕಾಯಿತು. ರಾಷ್ಟ್ರಧ್ವಜಕ್ಕೆ ಅಂಥ ದಿನ ಬರಬಾರದಿತ್ತು.

ಊರಿನ ತೇರು ವರ್ಷಕ್ಕೊಮ್ಮೆ ನಿಮ್ಮ ಮನೆಯ ಮುಂದೆ ಬರಲಿ. ಹಣ್ಣು ಜವನ ಎಸೆಯಿರಿ, ಕೈಮುಗಿಯಿರಿ, ನೆರೆಯವನನ್ನೂ ಕರೆಯಿರಿ. ಸಂಜೆ ತೇರು ನೆಲೆಗೆ ಮರಳಿದ ಮೇಲೆ ಬೀದಿಯನ್ನು ಎಲ್ಲರಿಗೂ ಬಿಡಿ.